ಹೊತ್ತೊಯ್ಯುವವರು ಬರಲಿಲ್ಲ

ನಮ್ಮ ದೊಡ್ಡವ್ವನನ್ನು ಯಾರಾದರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಅಜ್ಜನಿಗೆ, ಅಜ್ಜಿಗೆ, ಓಣಿಯ ಮಂದಿಗೆಲ್ಲ ಆಕೆ 'ಗರಗದಾಕಿ'. ಗರಗದಿಂದ ಸೊಸೆಯಾಗಿ ಧಾರವಾಡಕ್ಕೆ ಬಂದವಳು, ಅಪ್ಪನ ಅಣ್ಣನ ಹೆಂಡತಿ. ಮದುವೆಯಾಗಿ ಸ್ವಲ್ಪ ಕಾಲಕ್ಕೇ ದೊಡ್ಡಪ್ಪ ಜ್ವರ ಬಂದು ತೀರಿಕೊಂಡ. ಮಕ್ಕಳಿರಲಿಲ್ಲ. ಆಕೆ ತವರಿಗೂ ಮರಳಲಿಲ್ಲ. ನಮ್ಮ ಮನೆಯಲ್ಲೇ ಉಳಿದು, ನನ್ನನ್ನೂ ನನ್ನ ತಮ್ಮನನ್ನೂ ಎತ್ತಿ ಆಡಿಸಿ, ದಿನಾ ರೊಟ್ಟಿ ಬಡಿದು, ಹಾಸಿಗೆ ಹಿಡಿದ ಅಜ್ಜ ಅಜ್ಜಿಯರ ಸೇವೆ ಮಾಡಿ, ಹಾಗೇ ಮುದುಕಿಯಾದಳು.

ಅಪ್ಪ ಹೋದ ಮೇಲೆ ಮನೆಯಲ್ಲಿ ಉಳಿದವರು ಅವ್ವ, ದೊಡ್ಡವ್ವ, ನಾನು. ತಮ್ಮ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಅಂಗಡಿ ಇಟ್ಟು ಅಲ್ಲೇ ಸಂಸಾರ ಹೂಡಿದ್ದಾನೆ. ನಾನು ಲಕಮನಹಳ್ಳಿಯ ಒಂದು ಕಾರ್ಖಾನೆಯ ಕಚೇರಿಗೆ ಹೋಗಿಬರುವವಳು. ಮದುವೆ ಬೇಡ ಎಂದು ಹಟ ಹಿಡಿದೆ, ಅಪ್ಪ ಒಂದಿಷ್ಟು ಸಿಟ್ಟು ಮಾಡಿಕೊಂಡು ಸುಮ್ಮನಾದ. ಅದೇನು ದೊಡ್ಡ ಸಂಗತಿ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಮಾಳಿಗೆಯ ಮೇಲಿನ ಕೋಣೆ ಖಾಲಿ ಇತ್ತು. ಅದನ್ನು ಕೇಳಿಕೊಂಡು ಬಂದವಳು ಕೊರಿಯಾದ ಒಬ್ಬ ಹುಡುಗಿ. ತನ್ನ ದೇಶದ ಹಿಂದಿನ ಕಾಲದ ಹೆಂಗಸರು ಹೇಗೆ ನೂಲುತ್ತಿದ್ದರು, ನೇಯುತ್ತಿದ್ದರು ಎಂಬುದನ್ನು ಓದಿಕೊಂಡವಳು. ಇಲ್ಲಿನ ಕೈನೂಲಿನ ಕೆಲಸ ನೋಡಲು ಒಂದು ವರ್ಷದ ಮಟ್ಟಿಗೆ ಬಂದಿದ್ದಳು. ದಿನಾ ಮುಂಜಾನೆ ಬಸ್ಸು ಹತ್ತಿ ಗರಗದ ನೂಲುವ ಕೇಂದ್ರಕ್ಕೆ ಹೋಗುವಳು, ಮಧ್ಯಾಹ್ನ ದಾಟಿದ ಮೇಲೆ ಬರುವಳು. ಕನ್ನಡವನ್ನು ಪುಸ್ತಕದಿಂದಲೇ ಕಲಿತಿದ್ದರಿಂದ ಆಕೆಯ ಮಾತೂ ಪುಸ್ತಕದ ಹಾಗೇ ಇತ್ತು.

ಬಂದ ವಾರದಲ್ಲೇ ಆಕೆ ದೊಡ್ಡವ್ವನನ್ನು ಕೇಳಿದಳು, "ಎಲ್ಲರೂ ನಿಮ್ಮನ್ನು ಗರಗದಾಕಿ ಎನ್ನುತ್ತಾರೆ. ಅದು ನಿಮ್ಮ ಹೆಸರೇ?"

ದೊಡ್ಡವ್ವ ನಕ್ಕಳು. "ಅಲ್ಲವಾ, ಅದು ನನ್ನ ತವರೂರು. ಸೊಸಿ ಯಾವೂರಿಂದ ಬಂದಾಳೋ ಆ ಊರಿನ ಹೆಸರ ಹಚ್ಚಿ ಕರೀತಾರ. ಒಬ್ಬಾಕಿ ನರೇಂದ್ರದಾಕಿ, ಒಬ್ಬಾಕಿ ಅಮ್ಮಿನಭಾವಿಯಾಕಿ."

ಹುಡುಗಿ ಹಿಗ್ಗಿದಳು. "ನಮ್ಮಲ್ಲಿಯೂ ಹಾಗೆಯೇ ಇತ್ತು! ಹಿಂದೆ ನಮ್ಮ ಹಳ್ಳಿಗಳಲ್ಲಿ ಸೊಸೆಯನ್ನು ಆಕೆಯ ತವರೂರಿನಿಂದಲೇ ಕರೆಯುತ್ತಿದ್ದರು. ನನ್ನ ಅಜ್ಜಿಯ ಅಜ್ಜಿಯ ನಿಜವಾದ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ."

ಅವತ್ತಿನಿಂದ ಅವರಿಬ್ಬರದು ಗಟ್ಟಿ ಗೆಳೆತನವಾಯಿತು. ಇಳಿಹೊತ್ತಿಗೆ ಹುಡುಗಿ ಬಂದು ಕಟ್ಟೆಯ ಮೇಲೆ ಕೂತಳೆಂದರೆ ದೊಡ್ಡವ್ವ ಚಹಾ ಕೊಟ್ಟು, "ಹೂಂ, ಹೇಳವಾ ನಿಮ್ಮ ಹಿಂದಿನ ಹೆಣ್ಮಕ್ಕಳ ಸುದ್ದಿ" ಅನ್ನುವಳು. ಅವ್ವ ಪಕ್ಕದಲ್ಲೇ ಕಾಳು ಹಸನು ಮಾಡುತ್ತ ಕೂಡುವಳು. ಕಚೇರಿಯಿಂದ ಬಂದು ನಾನೂ ಸೇರುತ್ತಿದ್ದೆ.

ಹುಡುಗಿ ಹೇಳುತ್ತಿದ್ದದ್ದು ರಾಣಿಯರ ಕಥೆಯಲ್ಲ. ನಾರಿನ ಗಿಡದ ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ಕಚ್ಚಿ ಎಳೆ ಮಾಡುತ್ತಿದ್ದ ಹೆಂಗಸರು, ಅವರ ಸೀಳಿದ ತುಟಿಗಳು. ಒಗೆದ ಬಟ್ಟೆಯನ್ನು ಕಲ್ಲಿನ ಮೇಲೆ ಮಡಿಚಿಟ್ಟು ಅತ್ತೆ ಸೊಸೆ ಎದುರುಬದುರು ಕೂತು ಕೋಲುಗಳಿಂದ ಬಡಿದು ನುಣುಪು ಮಾಡುವುದು. ಹೊರಗೆ ಹೋಗಬೇಕಾದರೆ ನಿಲುವಂಗಿಯನ್ನು ತಲೆಯ ಮೇಲಿಂದ ಎಳೆದುಕೊಂಡು ಮುಖ ಮುಚ್ಚಿಕೊಳ್ಳುವುದು. ಗಂಡು ಹೆರದವಳನ್ನು, ಮಾತು ಜಾಸ್ತಿ ಆಡುವವಳನ್ನು ತವರಿಗೆ ಅಟ್ಟಬಹುದಿತ್ತಂತೆ.

"ಮಾತಾಡಿದ್ದಕ್ಕೂ?" ಎಂದಳು ಅವ್ವ.

"ಹೌದು, ಅದೂ ಒಂದು ಕಾರಣವಾಗಿತ್ತು."

"ಹಂಗಿದ್ರ ನನ್ನ ಎಂದೋ ಅಟ್ಟತಿದ್ರು," ಎಂದು ಅವ್ವ ಮೊರ ಕೊಡವಿದಳು. ಎಲ್ಲರೂ ನಕ್ಕೆವು.

ಶ್ರಾವಣ ಕಳೆದಿತ್ತು. ಒಂದು ದಿನ ಹುಡುಗಿ ತನ್ನ ಅಜ್ಜಿಯ ಅಜ್ಜಿಯ ಕಥೆ ಹೇಳಿದಳು. ಬಡ ರೈತರ ಮನೆಯ ಸೊಸೆ. ಚಿಕ್ಕ ವಯಸ್ಸಿಗೆ ಗಂಡ ಸತ್ತ. ಆ ಕಾಲಕ್ಕೆ ದೊಡ್ಡ ಮನೆತನದ ವಿಧವೆಯರು ಮತ್ತೆ ಮದುವೆಯಾಗುವ ಹಾಗಿರಲಿಲ್ಲ. ಮದುವೆಯಾದರೆ ಅವರ ಮಕ್ಕಳಿಗೆ ಸರಕಾರಿ ಪದವಿ ಸಿಗುತ್ತಿರಲಿಲ್ಲ. ಬಡವರಿಗೆ ಪದವಿಯ ಮಾತೇ ಇರದಿದ್ದರೂ ದೊಡ್ಡವರನ್ನು ನೋಡಿ ಅವರೂ ನಾಚತೊಡಗಿದರು. ಹಾಗಾಗಿ ಒಂದು ಕಳ್ಳದಾರಿ ಹುಟ್ಟಿಕೊಂಡಿತು. ಹೆಂಡತಿ ಇಲ್ಲದ ಬಡ ಗಂಡಸು ನಾಲ್ಕು ಜನರನ್ನು ಕಟ್ಟಿಕೊಂಡು ಕತ್ತಲಲ್ಲಿ ಬಂದು, ವಿಧವೆಯನ್ನು ದೊಡ್ಡ ಬಟ್ಟೆಯಲ್ಲಿ ಸುತ್ತಿ ಹೊತ್ತುಕೊಂಡು ಹೋಗುತ್ತಿದ್ದ. ಹೋದ ಮೇಲೆ ಆಕೆ ಅವನ ಹೆಂಡತಿ.

"ಅಯ್ಯ ಶಿವನೆ," ಎಂದಳು ಅವ್ವ.

"ಎಲ್ಲರೂ ಮನಸ್ಸಿನಿಂದ ಹೋದವರಲ್ಲ," ಎಂದಳು ಹುಡುಗಿ. "ಬೇಡವೆಂದು ಚೀರಿದವರನ್ನೂ ಒಯ್ದರು. ಪ್ರಾಣ ಕಳೆದುಕೊಂಡವರೂ ಇದ್ದಾರೆ. ಆದರೆ ಕೆಲವು ಕಡೆ ಮೊದಲೇ ಮಾತಾಗಿರುತ್ತಿತ್ತು. ನನ್ನ ಅಜ್ಜಿಯ ಅಜ್ಜಿಯನ್ನು ಒಯ್ದ ದಿನ ಬಾಗಿಲ ಅಗಳಿ ತೆಗೆದಿಟ್ಟವಳು ಆಕೆಯ ಅತ್ತೆಯೇ. ಸೊಸೆಯ ಬಟ್ಟೆಗಳನ್ನು ಗಂಟು ಕಟ್ಟಿ ಇಟ್ಟವಳೂ ಅತ್ತೆ. ಬೆಳಗಾದ ಮೇಲೆ ಅಂಗಳದಲ್ಲಿ ನಿಂತು, ನನ್ನ ಸೊಸೆಯನ್ನು ಕದ್ದರಲ್ಲಾ ಎಂದು ಊರಿಗೆಲ್ಲ ಕೇಳುವಂತೆ ಅತ್ತವಳೂ ಅವಳೇ."

ಅವ್ವನ ಕೈ ಮೊರದ ಮೇಲೆ ನಿಂತುಬಿಟ್ಟಿತ್ತು. ದೊಡ್ಡವ್ವ ಮುಂದಕ್ಕೆ ಬಾಗಿ ಕೇಳಿದಳು, "ಹೋದ ಮ್ಯಾಲೆ ಆಕಿ ಛಲೋ ಇದ್ದಳೇನವಾ?"

"ಇದ್ದಳು. ಮಕ್ಕಳಾದವು. ಅದಕ್ಕೇ ನಾನು ಇಲ್ಲಿ ಕುಳಿತಿದ್ದೇನೆ."

ದೊಡ್ಡವ್ವ ಹಿಂದಕ್ಕೆ ಸರಿದು ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, ನಾವ್ಯಾರೂ ಕೇಳದಿದ್ದರೂ, ತಾನಾಗಿಯೇ ಹೇಳಿದಳು, "ನನ್ನೂ ಯಾರರೆ ಹಂಗ ಹೊತಗೊಂಡು ಹೋಗಿದ್ರ ಛಲೋ ಇತ್ತು."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಚೇಷ್ಟೆಗೆ ಅಂದಳೇನೋ ಎಂದು ಮುಖ ನೋಡಿದರೆ ಅಲ್ಲಿ ಚೇಷ್ಟೆ ಇರಲಿಲ್ಲ.

ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಂತು. ದೊಡ್ಡಪ್ಪ ತೀರಿಕೊಂಡ ಮೇಲೆ ಹಬ್ಬಕ್ಕೆಂದು ಆಕೆ ತವರಿಗೆ ಹೋದಾಗ ಅಲ್ಲಿನ ನೂಲುವ ಕೇಂದ್ರದಲ್ಲಿ ಕೂತು ನೂಲುತ್ತಿದ್ದಳಂತೆ. ಚರಕ, ಮಗ್ಗ ರಿಪೇರಿ ಮಾಡುವ ಒಬ್ಬ ಮನುಷ್ಯ ಅಲ್ಲಿದ್ದ. ಅವನ ಹೆಂಡತಿ ಸತ್ತಿದ್ದಳು. ಇಬ್ಬರೂ ಹೆಚ್ಚು ಮಾತಾಡಿದವರಲ್ಲ. ಆದರೆ ಅವನು ದೊಡ್ಡವ್ವನ ಅಣ್ಣನ ಮುಂದೆ ಮಾತು ತೆಗೆದ. ನಮ್ಮ ಮಂದಿಯಲ್ಲಿ ವಿಧವೆಗೆ ಮತ್ತೆ ಮದುವೆ ಮಾಡುವ ಉಡಿಕೆ ಪದ್ಧತಿ ಹಿಂದಿನಿಂದಲೂ ಇತ್ತು. ಆದರೆ ಅಜ್ಜ ನಾಲ್ಕು ಜನರಲ್ಲಿ ಕೂತು ನ್ಯಾಯ ಹೇಳುವ ಮನುಷ್ಯನಾದ ಮೇಲೆ, ಉಡಿಕೆ ದೊಡ್ಡವರ ಮನೆಗೆ ಶೋಭೆಯಲ್ಲ ಎಂಬ ಮಾತು ಮನೆಯೊಳಗೆ ಬಂದಿತ್ತು. ಆದರೂ ಅಣ್ಣ ಧೈರ್ಯ ಮಾಡಿ ಧಾರವಾಡಕ್ಕೆ ಬಂದ. ಪಡಸಾಲೆಯಲ್ಲಿ ಹಿರಿಯರು ಕೂತರು. ದೊಡ್ಡವ್ವ ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು.

"ಮಾವಾರು ಕುಂತಲ್ಲಿಂದನ ಕೇಳಿದ್ರು," ಎಂದಳು ದೊಡ್ಡವ್ವ. "'ಏನವಾ, ಹೋಗತಿ ಏನು? ಬಾಯಿ ಬಿಟ್ಟು ಹೇಳು' ಅಂದ್ರು. ಅಷ್ಟು ಗಂಡಸರು ಕುಂತಾರ. ಹೂಂ ಅಂತ ಹೆಂಗ ಅನ್ನಲಿ? ಗಂಡನ ಹಪಹಪಿ ಹತ್ತೇದ ಇಕೀಗೆ ಅಂತಾರಲ್ಲ. ಸುಮ್ಮನ ನಿಂತೆ. 'ನೋಡ್ರಿ, ಆಕಿಗೆ ಮನಸಿಲ್ಲ' ಅಂದ್ರು. ಅಣ್ಣ ಎದ್ದು ಹೋದ." ಹುಡುಗಿಯ ಕಡೆ ತಿರುಗಿದಳು. "ಮೊದಲನೇ ಮದಿವ್ಯಾಗೂ ನಾ ಸುಮ್ಮನ ಇದ್ದೆ ನೋಡವಾ. ಅವತ್ತ, ಹುಡಿಗಿ ಒಪ್ಪ್ಯಾಳ ಅಂತ ಸಕ್ಕರಿ ಹಂಚಿದ್ರು."

ಹುಡುಗಿ ಆಕೆಯ ಕೈ ಹಿಡಿದುಕೊಂಡಳು. ಅವ್ವ ಮೊರ ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ರವಿವಾರ ನಾನೇ ಹೇಳಿದೆ, ಎಲ್ಲರೂ ಗರಗಕ್ಕೆ ಹೋಗಿಬರೋಣ ಎಂದು. ದೊಡ್ಡವ್ವನ ಅಣ್ಣ ತೀರಿದ ಮೇಲೆ ಆಕೆ ಆ ಕಡೆ ಕಾಲಿಟ್ಟಿರಲಿಲ್ಲ. ಒಲ್ಲೆ ಅನ್ನುತ್ತಾಳೆಂದುಕೊಂಡಿದ್ದೆ. ಆಕೆ ಇಳಕಲ್ಲ ಸೀರೆ ಉಟ್ಟು ಎಲ್ಲರಿಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದಳು. ಅವ್ವ ಮೊಣಕಾಲು ನೋವೆಂದು ಬರಲಿಲ್ಲ.

ನೂಲುವ ಕೇಂದ್ರಕ್ಕೆ ರಜೆ ಇತ್ತು. ಹುಡುಗಿಗೆ ಪರಿಚಯವಿದ್ದ ಒಬ್ಬ ನೂಲುವ ಹೆಂಗಸಿನ ಮನೆಗೆ ಹೋದೆವು. ಅವಲಕ್ಕಿ, ಚಹಾ ಆಯಿತು. ಅದೂ ಇದೂ ಮಾತಾಡುತ್ತ ದೊಡ್ಡವ್ವ ಮೆಲ್ಲಗೆ ಕೇಳಿದಳು, "ಚರಕ ರಿಪೇರಿ ಮಾಡವ್ರು ಒಬ್ರು ಇದ್ರಲ್ಲ, ಎತ್ತರದವ್ರು. ಈಗ ಎಲ್ಲಿ ಅದಾರ?"

"ಅವರು ಹೋಗಿ ಭಾಳ ದಿನ ಆತ್ರಿ ಅವ್ವಾರ," ಎಂದಳು ಆ ಹೆಂಗಸು. "ಪಾಪ, ಛಲೋ ಮನಶ್ಯಾ. ಒಬ್ರ ಇದ್ರು ನೋಡ್ರಿ. ಒಮ್ಮೆ ಉಡಿಕಿ ಕೇಳಿದ್ರಂತ, ಆಕಿ ಒಲ್ಲೆ ಅಂದಳಂತ. ಆಮ್ಯಾಲೆ ಮತ್ತ ಯಾರ್ನೂ ಕೇಳಲಿಲ್ಲ."

ದೊಡ್ಡವ್ವ ಕಪ್ಪು ಕೆಳಗಿಟ್ಟಳು. "ಆಕಿ ಒಲ್ಲೆ ಅಂದಿರಲಿಲ್ಲ," ಅಂದಳು. ಅಷ್ಟೇ. ಆ ಹೆಂಗಸು ಅರ್ಥವಾಗದೆ ನಮ್ಮ ಮುಖ ನೋಡಿದಳು. ನಾವು ಎದ್ದೆವು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ದೊಡ್ಡವ್ವ ಧಾರವಾಡದವರೆಗೆ ಹೊಲಗಳನ್ನೇ ನೋಡುತ್ತಿದ್ದಳು.

ಮನೆಗೆ ಬಂದಾಗ ಅವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಾನು ಗರಗದ ಸುದ್ದಿ ಹೇಳಿದೆ. ಅವ್ವ ತಿಕ್ಕುವುದನ್ನು ನಿಲ್ಲಿಸಲಿಲ್ಲ. ತಲೆ ಎತ್ತದೆಯೇ ಹೇಳಿದಳು, "ನಾನು ಅವತ್ತ ಬಾಗಲದ ಹಿಂದ ಅಕ್ಕನ ಬಾಜೂಕ ನಿಂತಿದ್ದೆ. ನೀ ನನ್ನ ಬಗಲಾಗ ಇದ್ದಿ, ಸಣ್ಣಾಕಿ. ಮಾವಾರು ಕೇಳಿದಾಗ ಅಕ್ಕ ನನ್ನ ಕೈ ಹಿಡದು ಗಟ್ಟಿಯಾಗಿ ಒತ್ತಿದ್ಲು. ನೀ ಹೇಳು ಅಂತ. ನನಗ ತಿಳಿದಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಆಕಿ ಹೋದ್ರ ಇಷ್ಟು ದೊಡ್ಡ ಮನಿ ನನ್ನೊಬ್ಬಾಕಿ ಮ್ಯಾಲೆ ಬೀಳತಿತ್ತು. ನೀ ಕೂಸು. ಅತ್ತಿ ಬಾಯಿ ಅಂಥಾದ್ದು. ಅಕ್ಕ ಇದ್ರ ನನಗ ಆಸರಾ ಅನ್ನಿಸ್ತು. ನಾ ನನ್ನದ ನೋಡಕೊಂಡೆ." ಬೂದಿ ಹತ್ತಿದ ಕೈಯನ್ನು ನೋಡಿಕೊಂಡಳು. "ಆ ಕೊರಿಯಾದ ಮುದಕಿ ಸ್ವಂತ ಸೊಸೀಗೆ ಅಗಳಿ ತಗದು ಇಟ್ಲು. ನನಗ ಒಂದು ಮಾತ ಆಡಾಕ ಆಗಲಿಲ್ಲ."

ನನಗೆ ಅವ್ವನ ಮೇಲೆ ಸಿಟ್ಟು ಬರಬೇಕಿತ್ತೇನೋ. ಬರಲಿಲ್ಲ. ಆಗ ಅವಳಿಗೆ ಇಪ್ಪತ್ತೂ ತುಂಬಿರಲಿಲ್ಲ. ಆದರೆ ನನ್ನನ್ನು ಎತ್ತಿ ಬೆಳೆಸಿದ ಆ ಕೈಗಳು ಬೇರೊಂದು ಮನೆಯಲ್ಲಿ ತಮ್ಮದೇ ಕೂಸನ್ನು ತೂಗಬಹುದಿತ್ತು ಎಂದು ಮೊದಲ ಸಲ ಹೊಳೆಯಿತು.

ಕೆಲವು ದಿನ ಬಿಟ್ಟು ಅವ್ವ ಅದನ್ನು ದೊಡ್ಡವ್ವನಿಗೂ ಹೇಳಿದಳು. ನಾನು ಒಳಕೋಣೆಯಲ್ಲಿದ್ದೆ. ಇಬ್ಬರೂ ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ಅವ್ವ ಅಳುತ್ತಿದ್ದಳು. ದೊಡ್ಡವ್ವನ ದನಿ ಸಮಾಧಾನವಾಗಿಯೇ ಇತ್ತು: "ಇವತ್ತ ಹೇಳಿ ಏನ ಮಾಡತಿ? ಅವತ್ತ ಹೇಳಿದ್ರ ಏನರೆ ಆಗತಿತ್ತು." ಕ್ಷಮಿಸಿದೆ ಎಂದಾಗಲಿ, ಇಲ್ಲ ಎಂದಾಗಲಿ ಅನ್ನಲಿಲ್ಲ. ಆಮೇಲೆ ಸ್ವಲ್ಪ ದಿನ ಇಬ್ಬರ ನಡುವೆ ಉಪ್ಪು, ಎಣ್ಣೆಯ ಮಾತಷ್ಟೇ ಇತ್ತು. ನಂತರ ಒಂದು ಮುಂಜಾನೆ ಅವ್ವನ ಮೊಣಕಾಲು ಬಾತಿದ್ದನ್ನು ನೋಡಿ ದೊಡ್ಡವ್ವ ಎಣ್ಣೆ ಬಿಸಿ ಮಾಡಿ ತಂದು ತಿಕ್ಕಿದಳು. ಬಿಟ್ಟುಹೋದ ಮಾತು ಅಲ್ಲಿಂದ ಮತ್ತೆ ಶುರುವಾಯಿತು.

ವರ್ಷ ತುಂಬಿ ಹುಡುಗಿ ತನ್ನ ದೇಶಕ್ಕೆ ಹೋದಳು. ಹೋಗುವಾಗ ದೊಡ್ಡವ್ವ ಆಕೆಯ ಉಡಿ ತುಂಬಲು, ಹುಬ್ಬಳ್ಳಿಯಿಂದ ಬಂದಿದ್ದ ನನ್ನ ತಮ್ಮನ ಹೆಂಡತಿಗೆ ಹೇಳಿದಳು. ವಿಧವೆಯಾದ ತಾನು ತುಂಬಬಾರದು ಎಂಬುದು ಆಕೆಯ ಲೆಕ್ಕ. ಹುಡುಗಿ ಕೇಳಲಿಲ್ಲ. "ನೀವೇ ತುಂಬಬೇಕು," ಎಂದು ದುಪಟ್ಟಾ ಒಡ್ಡಿ ನಿಂತೇ ಇದ್ದಳು. ದೊಡ್ಡವ್ವ ತಾನೇ ಅಕ್ಕಿ, ಕೊಬ್ಬರಿ ಹಾಕಿದಳು.

ಮುಂದಿನ ಚಳಿಗಾಲದಲ್ಲಿ ದೊಡ್ಡವ್ವ ಹೋದಳು. ಹೆಚ್ಚು ನರಳಲಿಲ್ಲ. ಆಕೆಯ ದಿನಕರ್ಮಕ್ಕೆ ತಮ್ಮನ ಸಂಸಾರ, ಬೀಗರು, ಊರ ಕಡೆಯ ಹಿರಿಯರು ಎಲ್ಲ ಸೇರಿದ್ದರು. ಹಿಂದಿನ ಕೊರಿಯಾದಲ್ಲಿ ಗಂಡ ಸತ್ತ ಮೇಲೆ ಮತ್ತೊಬ್ಬನನ್ನು ಕಣ್ಣೆತ್ತಿ ನೋಡದ ಹೆಂಗಸಿನ ನೆನಪಿಗೆ ಊರ ಮುಂದೆ ಕೆಂಪು ಬಣ್ಣದ ಬಾಗಿಲು ಕಟ್ಟಿಸುತ್ತಿದ್ದರು ಎಂದು ಎಲ್ಲೋ ಓದಿದ್ದೆ. ನಮ್ಮ ಪಡಸಾಲೆಯಲ್ಲಿ ಅವತ್ತು ಹಿರಿಯರು ಮಾತಿನಲ್ಲೇ ಅಂಥದೊಂದನ್ನು ಕಟ್ಟತೊಡಗಿದರು. ಅಜ್ಜನ ಕಡೆಯ ಒಬ್ಬ ಕಾಕಾ ಹೇಳುತ್ತಿದ್ದ, "ಎಂಥಾ ಹೆಣ್ಮಗಳು! ಕೇಳಕೊಂಡ ಬಂದ್ರೂ ಒಲ್ಲೆ ಅಂದು ಈ ಮನಿ ಮಾನ ಕಾಯ್ದಳು. ಈಗಿನ ಕಾಲದಾಗ ಇಂಥವರು ಎಲ್ಲಿ ಅದಾರ?"

ಎಲ್ಲರೂ ಹೌದು ಹೌದು ಅಂದರು.

ಅವ್ವ ಅಡಿಗೆಮನೆಯಿಂದ ಹೊರಗೆ ಬಂದಳು. ಗಂಡಸರು ಕೂತ ಜಾಗಕ್ಕೆ ಬಂದು, ಸೆರಗು ಕೂಡ ಎಳೆದುಕೊಳ್ಳದೆ ನಿಂತಳು. "ಹಂಗ ಅನಬ್ಯಾಡ್ರಿ," ಅಂದಳು. "ಆಕಿ ಒಲ್ಲೆ ಅಂದಿಲ್ಲ. ಆಕೀಗೆ ಹೋಗೂ ಮನಸಿತ್ತು. ನಾವ ಕಳಸಲಿಲ್ಲ."

ಬೀಗರಲ್ಲೊಬ್ಬರು ಗಡಿಯಾರ ನೋಡಿ, ಎಲೆ ಹಾಕುವುದು ಎಷ್ಟು ಹೊತ್ತಿಗೆ ಎಂದು ನನ್ನ ತಮ್ಮನನ್ನು ಕೇಳಿದರು. ಅವನು ಎದ್ದು ಒಳಗೆ ಹೋದ. ಅವ್ವ ಮಾತ್ರ ಇನ್ನೂ ಅಲ್ಲೇ ನಿಂತಿದ್ದಳು, ಯಾರಾದರೂ ಇನ್ನೊಂದು ಮಾತು ಕೇಳಲಿ ಎನ್ನುವ ಹಾಗೆ. ಯಾರೂ ಕೇಳಲಿಲ್ಲ.