ಭರಣಿ ಮಳೆಗೆ ಹಚ್ಚಿದ ಬೆಂಕಿ

ಹಾಸನದಿಂದ ಅರಕಲಗೂಡಿಗೆ ಬೆಳಿಗ್ಗೆ ಏಳೂವರೆಗೆ ಹೊರಡಬೇಕಾದ ಬಸ್ಸು ಎಂಟೂಕಾಲಿಗೆ ಹೊರಟಿತು. ಹೊಸ ಪೈಸೆ ಬಂದು ಎರಡು ವರ್ಷವಾಗಿದ್ದರೂ ಕಂಡಕ್ಟರು ಆಣೆಯ ಲೆಕ್ಕದಲ್ಲೇ ಕೂಗುತ್ತಿದ್ದ, ಜನ ಪೈಸೆಯಲ್ಲಿ ಕೊಡುತ್ತಿದ್ದರು. ಆ ಜಗಳ ಮುಗಿಯದೆ ಬಸ್ಸು ಹೊರಡುವ ಹಾಗಿರಲಿಲ್ಲ. ಬೇಸಿಗೆ ರಜೆಯಲ್ಲಿ ಮೇಷ್ಟರುಗಳು ಊರೂರು ಸುತ್ತುವುದು ವಾಡಿಕೆಯೇ. ಆದರೆ ನಾನು ಹೊರಟದ್ದು ಸುತ್ತಾಟಕ್ಕಲ್ಲ, ಅಕ್ಕ ಗೌರಮ್ಮನನ್ನು ಹೊಗೆಯಿಂದ ಬಿಡಿಸಿ ತರುವುದಕ್ಕೆ.

ಹಿಂದಿನ ದಿನ ಭಾವನ ಕಾರ್ಡು ಬಂದಿತ್ತು. ಭಾವ ಮರಿದೇವಯ್ಯನವರು ಅರಕಲಗೂಡಿನಿಂದ ಮೂರು ಮೈಲಿ ದೂರದ ಹಳ್ಳಿಯಲ್ಲಿ ಈಶ್ವರನ ಗುಡಿಯ ಪೂಜೆ ಮಾಡಿಕೊಂಡು, ಯುಗಾದಿಯ ದಿನ ಊರಿಗೆಲ್ಲ ಪಂಚಾಂಗ ಓದಿ ಹೇಳುವವರು. ಕಾರ್ಡಿನ ನೆತ್ತಿಯ ಮೇಲೆ ತಾರೀಕು, ತಿಥಿ, ವಾರ, ನಕ್ಷತ್ರ ಎಲ್ಲ ಬರೆದು, ಜಾಗ ಉಳಿದರೆ ಸಮಾಚಾರ ಬರೆಯುವ ಮನುಷ್ಯ. ಈ ಸಲ ತಾರೀಕೂ ಇರಲಿಲ್ಲ, ತಿಥಿಯೂ ಇರಲಿಲ್ಲ. 'ಗುಡ್ಡಕ್ಕೆ ಬೆಂಕಿ ಬಿದ್ದಿದೆ. ನಿಮ್ಮ ಅಕ್ಕನಿಗೆ ಉಸಿರು ಸಾಲದು. ಬಂದು ಕರೆದುಕೊಂಡು ಹೋಗಿ' ಎಂದು ಇಷ್ಟೇ. ಅಕ್ಕನಿಗೆ ಚಿಕ್ಕಂದಿನಿಂದ ಉಬ್ಬಸ. ಚನ್ನರಾಯಪಟ್ಟಣದ ನಮ್ಮ ತಂದೆಯ ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಬೀದಿಗೆ ಓಡಿಬರುತ್ತಿದ್ದಳು. ಕಾರ್ಡು ಓದಿ ನನಗೆ ಹೆದರಿಕೆಯಾಯಿತು.

ಗೊರೂರಿನವರೆಗೆ ಹದಿನಾಲ್ಕು ಮೈಲಿ ಬರೀ ಬಿಸಿಲು, ಧೂಳು. ಹೊಳೆಯಲ್ಲಿ ಎಮ್ಮೆಗಳು ಮಲಗಿದರೂ ಬೆನ್ನು ನೆನೆಯುವಷ್ಟು ನೀರಿರಲಿಲ್ಲ. ಹೊಳೆ ದಾಟಿದ ಮೇಲೆ ತೆಂಕಣ ಆಕಾಶ ಮಂಕಾಯಿತು. ಸದ್ಯ, ಮೋಡ ಕಟ್ಟಿತು ಎಂದೆ. ಪಕ್ಕದಲ್ಲಿ ಸಿಹಿಗುಂಬಳ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹೆಂಗಸು ನಕ್ಕಳು.

"ಮೋಡ ಎಲ್ಲಿ ಬತ್ತದೆ ಸಾ? ಒಗೆ ಕಣ ಅದು. ಐದು ದಿನಾತು. ಬಟ್ಟೆ ಈಚೆ ಅರವಾಕಂಗಿಲ್ಲ, ಮಕ್ಕಳ ಕಣ್ಣೆಲ್ಲ ಕೆಂಪಗಾಗವೆ."

ಅರಕಲಗೂಡಿನ ಹೋಟೆಲಿನಲ್ಲಿ ಕಾಫಿ ಲೋಟದ ಮೇಲೆ ಬಾಳೆಲೆಯ ತುಂಡು ಮುಚ್ಚಿ ಕೊಟ್ಟರು. ಯಾಕೆಂದು ಕೇಳುವ ಮೊದಲೇ ಜೀರಿಗೆಯಂಥ ಬೂದಿಯ ಚೂರುಗಳು ನನ್ನ ಇಡ್ಲಿಯ ಮೇಲೆ ಬಿದ್ದವು. ಅಲ್ಲಿಂದ ಮೂರು ಮೈಲಿ ನಡೆದೆ. ಬಿಸಿಲಿಗೆಂದು ತಂದ ಕೊಡೆ ಬೂದಿಗೆ ಬಂತು. ಬೆಂಕಿಗೆ ಹೆದರಿ ಹಾರುವ ಮಿಡತೆಗಳನ್ನು ಹಿಡಿಯಲು ಕಾಜಾಣಗಳು ಹೊಗೆಯ ಅಂಚಿನಲ್ಲೇ ಹಾರಾಡುತ್ತಿದ್ದವು. ಆ ಊರಿನಲ್ಲಿ ಅವಕ್ಕೆ ಮಾತ್ರ ಹಬ್ಬ.

ಅಕ್ಕ ಜಗಲಿಯ ಮೇಲೆ ತೊಡೆಗೆ ದಿಂಬು ಕೊಟ್ಟುಕೊಂಡು ಮುಂದಕ್ಕೆ ಬಾಗಿ ಕೂತಿದ್ದಳು. ಮೂಗಿಗೆ ಒದ್ದೆ ಬಟ್ಟೆ. ಉಸಿರು ಸಿಳ್ಳೆ ಹಾಕುವುದು ಬೀದಿಗೇ ಕೇಳುತ್ತಿತ್ತು. "ಊಟ... ಮಾಡ್ದಾ?" ಎಂದಳು. ಆ ಎರಡು ಮಾತಿಗೆ ಎರಡು ಸಲ ನಿಂತಳು. ನನಗೆ ಕಣ್ಣು ತುಂಬಿತು. ಹೊಗೆ ಎಂದು ಹೇಳಿ ಒರೆಸಿಕೊಂಡೆ.

ಬೆಂಕಿ ಹೇಗೆ ಬಿತ್ತೆಂದು ಹೇಳಿದವನು ಪಕ್ಕದ ಮನೆಯ ಬೋರೇಗೌಡ, ಗುಡ್ಡದಿಂದ ನೀರಿಗೆಂದು ಇಳಿದು ಬಂದಿದ್ದ. ಅಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿಯಿದೆ. ಗುಡ್ಡದ ಮೇಲಿನ ಒಣಹುಲ್ಲನ್ನು ಭರಣಿ ಮಳೆಯ ಹಿಂದಿನ ದಿನ ಸುಡುತ್ತಾರೆ. ಮಳೆ ಬಂದು ಬೆಂಕಿ ಆರಿಸುತ್ತದೆ, ಬೂದಿ ನೆಲಕ್ಕೆ ಇಳಿಯುತ್ತದೆ, ಎಂಟು ದಿನಕ್ಕೆ ದನಗಳಿಗೆ ಎಳೆ ಹುಲ್ಲು. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಎಲ್ಲ ಕಡೆಯೂ ಇದೆ. ಅದನ್ನು ನಂಬಿ ಕಡ್ಡಿ ಗೀರುವವರನ್ನು ನಾನು ಇಲ್ಲೇ ಕಂಡದ್ದು. ಮಳೆ ಯಾವ ದಿನ ಎಂದು ಹೇಳುವವರು ಭಾವ. ಅವರು ಹೇಳಿದ ದಿನ ಹಲವು ವರ್ಷ ನಾಲ್ಕು ಹನಿಯಾದರೂ ಬಿದ್ದಿತ್ತಂತೆ. ಈ ವರ್ಷ ಭರಣಿಯ ಎರಡನೆಯ ದಿನ ಎಂದಿದ್ದರು. ಮಳೆಯ ಬದಲು ಗಾಳಿ ಬಂತು. ಬೆಂಕಿ ಒಂದು ಗುಡ್ಡದಿಂದ ಇನ್ನೊಂದಕ್ಕೆ ಹಾರಿತು.

"ಭಾವನನ್ನ ಬೈದರೇನು ಊರೋರು?" ಎಂದು ಕೇಳಿದೆ.

"ಯಾರೂ ಒಂದ್ ಮಾತ್ ಅಂದಿಲ್ಲ ಸಾ. ಅದ್ಕೇ ಐನೋರು ಅನ್ನಾನೂ ಮುಟ್ಟಂಗಿಲ್ಲ, ಗುಡ್ಡಾನೂ ಬಿಟ್ಟು ಬರಂಗಿಲ್ಲ."

ಭಾವ ಮೂರು ಗಂಟೆಗೆ ಬಂದರು. ಕೈಯಲ್ಲಿ ಬೆಂಕಿ ಬಡಿಯುವ ಹೊಂಗೆ ಕೊಂಬೆ, ಎಲೆಯೆಲ್ಲ ಸುಟ್ಟು ಬರೀ ಕಡ್ಡಿಯಾಗಿತ್ತು. ಒಂದು ಹುಬ್ಬಿನ ಕೂದಲು ಸುಟ್ಟುಹೋಗಿತ್ತು. ಸದಾ ಮಡಿ ಬಟ್ಟೆಯಲ್ಲೇ ಕಂಡವರನ್ನು ಹಾಗೆ ನೋಡಿ ನಾನು ನಮಸ್ಕಾರ ಮಾಡುವುದನ್ನೂ ಮರೆತೆ. "ಬೆಳಿಗ್ಗೆ ಹೊರಡಿ. ಹೊಳೆನರಸೀಪುರಕ್ಕೆ ಹೋಗಿ ರೈಲು ಹತ್ತಿ, ಬಸ್ಸಿನ ಕುಲುಕಾಟ ಕಮ್ಮಿಯಾಗ್ತದೆ" ಎಂದರು.

"ನಾನು ಬರಾಕಿಲ್ಲ" ಎಂದಳು ಅಕ್ಕ. ಮಿಕ್ಕದ್ದನ್ನು ಬಿಡಿಬಿಡಿಯಾಗಿ ಹೇಳಿದಳು. "ಊರೆಲ್ಲ ಇವರ ಮಾತಿಗೆ... ಬೆಂಕಿ ಹಚ್ತು. ಊರೆಲ್ಲ ಹೊಗೆ ಕುಡೀತಾ ಅದೆ. ಹೆಂಡ್ತೀನ ಮಾತ್ರ... ಪಾರು ಮಾಡ್ದ ಅನ್ನಲ್ವಾ ನಾಳೆ?"

ಭಾವ ಹೊಸ ಕೊಂಬೆ ಮುರಿದುಕೊಂಡು ಮತ್ತೆ ಗುಡ್ಡ ಹತ್ತಿದರು. ಅಕ್ಕ ಹಟಮಾರಿ, ಮೊದಲಿನಿಂದಲೂ. ಆದರೆ ಆ ಹಟದಲ್ಲಿ ಅವಳ ಜೀವ ಹೋಗುವುದೇ ನನಗೆ ಕಾಣುತ್ತಿತ್ತು, ಸಿಟ್ಟೂ ಬಂತು.

ಬೆಳಿಗ್ಗೆ ಬೋರೇಗೌಡ ಯಾರನ್ನೂ ಕೇಳದೆ ಗಾಡಿ ಕಟ್ಟಿಕೊಂಡು ಬಂದ. ಗಾಡಿಯಲ್ಲಿ ಹುಲ್ಲು, ಹುಲ್ಲಿನ ಮೇಲೆ ಕಂಬಳಿ. ಹಿಂದೆ ಹತ್ತಿಪ್ಪತ್ತು ಹೆಂಗಸರು, ಗಂಡಸರು.

"ಗಾಡಿ ಅತ್ತವ್ವಾ" ಎಂದ.

ಅಕ್ಕ ಒಲ್ಲೆನೆಂದು ತಲೆಯಾಡಿಸಿದಳು.

"ಐನೋರು ಮಳೆ ಏಳುದ್ರು ಕಣವ್ವಾ, ಕಡ್ಡಿ ಗೀರ್ದೋನು ನಾನು. ಗಾಳಿ ಎದ್ದಿದ್ದು ನನ್ ಕಣ್ಗೂ ಕಾಣ್ತಿತ್ತು, ಆದ್ರೂ ಗೀರ್ದೆ. ನೀನು ಇಲ್ಲೇ ಸತ್ರೆ ಆ ಪಾಪ ಯಾರ್ ತಲೆಗೆ? ಐನೋರ್ ತಲೆಗಲ್ಲ, ನನ್ ತಲೆಗೆ. ನಂಗೋಸ್ಕರ ಓಗ್ಬುಟ್ ಬಾ."

ಹಿಂದೆ ನಿಂತ ಒಬ್ಬ ಮುದುಕಿ, "ಊರೇ ಕಳುಸ್ತಾ ಅದೆ, ನಿನ್ ಗಂಡ ಅಲ್ಲ. ಅತ್ತು ಮಗ" ಎಂದಳು. ಅಕ್ಕ ಅವರೆಲ್ಲರನ್ನೂ ಒಂದು ಸಲ ನೋಡಿ ಗಾಡಿ ಹತ್ತಿದಳು. ಭಾವ ಗುಡ್ಡದ ಮೇಲಿದ್ದರು. ಗಾಡಿ ತಿರುಗುವಾಗ ಅಕ್ಕ ಆ ಕಡೆ ನೋಡಿದಳು. ಹೊಗೆ ಬಿಟ್ಟರೆ ಏನೂ ಕಾಣಲಿಲ್ಲ.

ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಬಸ್ಸಿನಲ್ಲಿ ಒಂದೂವರೆ ಗಂಟೆ. ರೈಲು ನಲವತ್ತು ನಿಮಿಷ ತಡ. ಸ್ಟೇಷನ್ನಿನಲ್ಲಿ ಮೊಸರನ್ನ ತಿಂದೆವು. ಅಕ್ಕ ನಾಲ್ಕು ತುತ್ತು ತಿಂದಳು, ಎರಡು ದಿನದಲ್ಲಿ ಅದೇ ಮೊದಲಂತೆ. ರೈಲಿನ ವಿಚಾರದಲ್ಲಿ ನಾವು ಯಾರೂ ಒಂದು ಸಂಗತಿ ಯೋಚಿಸಿರಲಿಲ್ಲ. ಎಂಜಿನ್ನಿನ ಕಲ್ಲಿದ್ದಲ ಹೊಗೆ ಸೀದಾ ನಮ್ಮ ಡಬ್ಬಿಯೊಳಕ್ಕೇ ಬಂತು. ಗಾದೆ ತಿರುಗುಮುರುಗಾಗಿ, ಬೆಂಕಿಯಿಂದ ಬಾಣಲೆಗೆ ಬಿದ್ದ ಹಾಗಾಯಿತು. ಎದುರಿಗಿದ್ದ ಹರದನಹಳ್ಳಿಯ ಯಜಮಾನರೊಬ್ಬರು ಎದ್ದು ಕಿಟಕಿಗಳನ್ನೆಲ್ಲ ಹಾಕಿಸಿ, ಮಾವಿನಕೆರೆ ಬರುವವರೆಗೂ ಅಕ್ಕನಿಗೆ ತಮ್ಮ ಟವೆಲಿನಿಂದ ಗಾಳಿ ಬೀಸಿದರು. ನಾನು ಅವರ ಹೆಸರೂ ಕೇಳಲಿಲ್ಲ.

ಮೊಸಳೆ ಎಂಬ ಊರಿನ ಹತ್ತಿರ ಕಿಟಕಿ ತೆಗೆದಾಗ ಮಣ್ಣಿನ ವಾಸನೆ ಬಂತು. ಹಾಸನದಲ್ಲಿ ಇಳಿಯುವಾಗ ಮಳೆ ಹೊಡೆಯುತ್ತಿತ್ತು. ಜನ ಸೂರಿನ ಕಡೆ ಓಡಿದರು. ಅಕ್ಕ ಮಾತ್ರ ಮೂಗಿನ ಬಟ್ಟೆ ತೆಗೆದು ಪ್ಲಾಟ್‌ಫಾರಂ ಮೇಲೆ ನಿಂತಳು. ತಲೆಯಿಂದ ಇಳಿದ ನೀರು ಬೂದಿ ಬಣ್ಣಕ್ಕಿತ್ತು. ನಾನು ಕೊಡೆ ಬಿಚ್ಚಿದೆ, ತಳ್ಳಿದಳು. ಉಸಿರು ಸಿಳ್ಳೆ ಹಾಕುವುದು ನಿಧಾನವಾಗಿ ಕಡಿಮೆಯಾಯಿತು. ತೆಂಕಣ ದಿಕ್ಕಿಗೆ ನೋಡಿದೆ. ಅರಕಲಗೂಡಿನ ಮೇಲೆ ಆಕಾಶ ಇನ್ನೂ ಕಂದಾಗಿಯೇ ಇತ್ತು.

ಹಾಸನದ ನನ್ನ ಮನೆಗೆ ಬಂದು ಸೀರೆ ಬದಲಾಯಿಸಿದವಳೇ ಕಾರ್ಡು ತೆಗೆದುಕೋ ಎಂದಳು. ಬಹಳ ದಿನದ ಮೇಲೆ ಒಂದೇ ಉಸಿರಿನಲ್ಲಿ ಮಾತಾಡಿದಳು.

"ಭರಣಿ ಮಳೆ ಬಂತು, ನಾನು ನೆಂದೆ ಅಂತ ಬರಿ ನಿಮ್ ಭಾವಂಗೆ. ಅಷ್ಟೇ. ತಾರೀಕು ಮಾತ್ರ ಹಾಕ್ಬೇಡ, ಎಷ್ಟು ದಿನ ತಪ್ತು ಅಂತ ಲೆಕ್ಕ ಹಾಕ್ತಾ ಕೂರ್ತಾರೆ."

ಇಪ್ಪತ್ತು ವರ್ಷದಿಂದ ಹುಡುಗರಿಗೆ ತಾರೀಕಿಲ್ಲದ ಕಾಗದ ಕಾಗದವೇ ಅಲ್ಲ ಎಂದು ಪಾಠ ಹೇಳಿದವನು ನಾನು. ಅವಳು ಹೇಳಿದ ಹಾಗೇ ಬರೆದೆ. ಅಂಚೆಯವರು ಹೇಗೂ ಮುದ್ರೆ ಹೊಡೆಯುತ್ತಾರೆ, ಅದರಲ್ಲಿ ತಾರೀಕು ಇರುತ್ತದೆ ಎಂದು ಅವಳಿಗೆ ಹೇಳಲಿಲ್ಲ.