ಕೊನೆಗೆ ತೆರೆಯುವ ಕಣ್ಣು

"ಮೂರ್ತಿ ಕಣ್ಣು ಆಮೇಲೆ ತೆರೀರಿ ಆಚಾರ್ರೇ, ಮೊದ್ಲು ನಿಮ್ ಕಣ್ಣು ತೋರ್ಸಿ!" ಎಂದು ನನ್ನ ಕೈ ಹಿಡಿದರು, ಊರಿಗೆ ಶಾಲೆ, ಆಸ್ಪತ್ರೆ ಕಟ್ಟಿಸಿಕೊಟ್ಟ ಕಾರ್ಖಾನೆ ಮಾಲೀಕರು. ಅವರದೇ ಮೂರ್ತಿ ಅದು. ಅವರ ಊರಿನವರು ಶಿಲ್ಪಿಗಳ ಊರಾದ ಶಿವಾರಪಟ್ಟಣದ ನನ್ನ ಶೆಡ್ಡಿನಲ್ಲಿ ಮಾಡಿಸುತ್ತಿದ್ದರು. ದೇವರಾಗಲಿ, ಮನುಷ್ಯರಾಗಲಿ, ನಾವು ಕಣ್ಣು ಕೆತ್ತಿ ತೆರೆಯುವುದು ಕೊನೆಗೆ. ಅದನ್ನು ನೋಡಲು ಅವರು ಬಂದಾಗ ನಾನು ಉಳಿ ಹಿಡಿದು, ಕಲ್ಲಿಗೆ ಮುಖ ತಾಗುವಷ್ಟು ಬಗ್ಗಿದ್ದೆ.

"ಕಣ್ ಮಂಜಾದ್ರೇನು ಸಾರ್, ಕೈಗೆ ಗೊತ್ತಾಗುತ್ತೆ" ಎಂದೆ. ಅವರು ಕೇಳಲಿಲ್ಲ. ಅದೇ ವಾರ ಕೋಲಾರದಲ್ಲಿ ಪೊರೆ ತೆಗೆಸಿದರು.

ವಾಪಸ್ ಬಂದು ನೋಡಿದರೆ ಮೂರ್ತಿಯ ಮೂಗು ಸೊಟ್ಟ! ತಿದ್ದಿದೆ. ಕಣ್ಣು ಮಾತ್ರ ಇನ್ನೂ ತೆರೆದಿಲ್ಲ. ನಮ್ಮ ಬೀದಿಯ ಶಿಲ್ಪಿಗಳೆಲ್ಲರ ಕಣ್ಣು ಸರಿಯಾದ ಮೇಲೆಯೇ ತಮ್ಮ ಮೂರ್ತಿಯದು ಎಂದು ಅವರ ಅಪ್ಪಣೆ. ಇನ್ನು ಇಬ್ಬರು ಉಳಿದಿದ್ದಾರೆ.