ಕಿತ್ತು ತೆಗೆದ ಪಟ್ಟಿ

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ಬೆಳಿಗ್ಗೆ ಎಂಟಕ್ಕೆ ಬಾಗಿಲು. ಎಂಟೂಕಾಲಿನವರೆಗೆ ಧೂಳು ಒರೆಸುವುದು. ಆಮೇಲೆ ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಅರಳೆಯಿಂದ ಒರೆಸಿ, ಎಂಟೂವರೆಗೆ ಮೊದಲ ಭಜನೆ. ನಾನು ಶಾಲೆಯ ಬೋರ್ಡಿಂಗಿನಲ್ಲಿ ಗಂಟೆಯ ಸದ್ದಿಗೆ ಬೆಳೆದವನು. ಅಲ್ಲಿ ಹಾಸಿಗೆಯ ಮಡಿಕೆ ವಾರೆಯಾದರೆ ಊಟದ ಸಾಲಿನಲ್ಲಿ ಕೊನೆಗೆ ನಿಲ್ಲಬೇಕಿತ್ತು.

ಅಂಗಡಿಯ ಮುಂದೆ ಒಂದು ಬೋರ್ಡು ತೂಗುಹಾಕಿದ್ದೆ: ‘ಇಲ್ಲಿ ಕಾಪಿ ಮಾಡಿಕೊಡುವುದಿಲ್ಲ.’ ಎರಡು ಅಂಗಡಿ ಆಚೆಗೆ ಕಾಪಿಯನ್ನೇ ಮಾಡುವವನೊಬ್ಬನಿದ್ದ. ಖಾಲಿ ಕ್ಯಾಸೆಟ್ಟಿನಲ್ಲಿ ಬೇಕಾದ ಹಾಡು ತುಂಬಿ, ಬಣ್ಣದ ಕವರನ್ನೂ ಛಾಪಿಸಿ ಹಾಕಿ ಕೊಡುತ್ತಿದ್ದ. ನಾನು ಎಂದೂ ಪಾಠ ಹೇಳಿದವನಲ್ಲ, ಆದರೂ ನನ್ನನ್ನು ಮಾಸ್ತರ ಎಂದೇ ಕರೆಯುತ್ತಿದ್ದ.

“ಏನ್ ಮಾಸ್ತರ, ಇವತ್ತರೆ ಒಂದ್ ಪಾಪ ಮಾಡ್ರಲಾ. ಬೇಕಂದ್ರ ನನ್ನ ಮಷೀನ್ ಕೊಡ್ತೀನಿ.”

“ಹಾಡಿದಾಕಿಗೆ ಹೊಟ್ಟಿ ಇಲ್ಲೇನೋ?”

“ಐತ್ರಿ. ನನಗೂ ಐತಿ, ಆಕೀಗಿಂತ ದೊಡ್ಡದು!”

ನಗುತ್ತಿದ್ದೆವು. ಆದರೆ ಆ ಬೋರ್ಡು ನನಗೆ ತಮಾಷೆಯಾಗಿರಲಿಲ್ಲ. ಊರಲ್ಲಿ ನನ್ನ ಹೆಸರು ನಿಂತಿದ್ದೇ ಅದರ ಮೇಲೆ.

ಕ್ಯಾಸೆಟ್ ಕಂಪನಿಯ ಮಾಲು ನಮಗೆ ಹುಬ್ಬಳ್ಳಿಯ ಏಜೆಂಟರ ಮೂಲಕ ಬರಬೇಕು. ಬರುತ್ತಿದ್ದದ್ದು ತಡವಾಗಿ. ಅದರಲ್ಲಿ ಮರಾಠಿ ಅಭಂಗ, ಲಾವಣಿ ಇರುತ್ತಲೇ ಇರಲಿಲ್ಲ. ನನ್ನ ಗಿರಾಕಿಗಳಲ್ಲಿ ಅರ್ಧ ಜನ ಮನೆಯಲ್ಲಿ ಮರಾಠಿ ಆಡುವವರು. ಹಾಗಾಗಿ ತಿಂಗಳಿಗೊಮ್ಮೆ ನಾನೇ ನಿಪ್ಪಾಣಿಗೆ ಹೋಗಿ, ಅಲ್ಲಿಂದ ಕೊಲ್ಹಾಪುರದ ಬಸ್ಸು ಹಿಡಿದು, ಅದೇ ಕಂಪನಿಯ ಕ್ಯಾಸೆಟ್ಟುಗಳನ್ನು ಅಲ್ಲಿ ಸಗಟು ಮಾರುವ ಠೋಕ ವ್ಯಾಪಾರಿಯಿಂದ ತರುತ್ತಿದ್ದೆ. ಗಡಿಯಲ್ಲಿ ಕೊಗನೊಳ್ಳಿ ನಾಕಾ ದಾಟುವಾಗ ಚೀಲ ತೊಡೆಯ ಮೇಲೇ ಇರುತ್ತಿತ್ತು. ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಆ ದಾರಿಯಲ್ಲಿ ತಂಬಾಕು ಹೋಗುತ್ತದೆ, ಸೊಸೆಯರು ಬರುತ್ತಾರೆ, ರೋಗಿಗಳು ಹೋಗುತ್ತಾರೆ. ಹಾಡು ಬಂದರೆ ಏನು ಎಂದುಕೊಂಡಿದ್ದೆ.

ಆ ಡಬ್ಬಿಗಳ ಮೇಲೆ ಕಂಪನಿಯವರು ಒಂದು ಕಾಗದದ ಪಟ್ಟಿ ಅಂಟಿಸಿರುತ್ತಿದ್ದರು: ‘ಮಹಾರಾಷ್ಟ್ರದಲ್ಲಿ ಮಾತ್ರ ಮಾರಾಟಕ್ಕೆ.’ ದಪ್ಪ ಗೋಂದು, ಅಡ್ಡಾದಿಡ್ಡಿ. ಭಾನುವಾರ ಮಧ್ಯಾಹ್ನ ಮನೆಯಲ್ಲಿ ಕುಳಿತು ಬಿಸಿನೀರಿನ ಬಟ್ಟೆಯಿಂದ ಅದನ್ನು ಒಂದೊಂದಾಗಿ ಕಿತ್ತು, ಬಿಳಿ ಚೀಟಿಯ ಮೇಲೆ ಕನ್ನಡದಲ್ಲಿ ಹೆಸರು, ನಂಬರು ಬರೆದು ಅಂಟಿಸುತ್ತಿದ್ದೆ.

ಮನೆಯಾಕೆ ನೋಡಿ ನಗುತ್ತಿದ್ದಳು. “ಇದ್ರ ಇರ್ಲಿ ಬಿಡ್ರಿ. ಅದೇನ್ ಕಚ್ಚತೈತೇನು?”

ಒಂದು ಶನಿವಾರ ಹತ್ತೂವರೆಗೆ, ನಕಲಿ ಕ್ಯಾಸೆಟ್ ಹಿಡಿಯಲೆಂದು ಹವಾಲ್ದಾರರೊಂದಿಗೆ ಹುಬ್ಬಳ್ಳಿಯ ಏಜೆಂಟ ಬಂದ. ಮೊದಲು ಆಚೆಯ ಅಂಗಡಿಗೆ ಹೋದರು, ನಂತರ ನನ್ನ ಅಂಗಡಿಗೆ. ಸಾಲಿನಿಂದ ಒಂದು ಕ್ಯಾಸೆಟ್ ಎಳೆದು ಏಜೆಂಟ ತಿರುಗಿಸಿ ನೋಡಿದ.

“ಈ ಮಾಲ ನಾವು ನಿಮಗ ಕೊಟ್ಟೇ ಇಲ್ಲಲ್ರಿ.”

“ನಿಮ್ಮ ಕಂಪನೀದೇ. ಕೊಲ್ಹಾಪುರದಾಗ ತಂದೀನಿ, ಬಿಲ್ ಐತಿ.”

ಬಿಲ್ಲಿನಲ್ಲಿ ‘ಕ್ಯಾಸೆಟ್, ನಗ ಐವತ್ತು’ ಎಂದು ಎಣಿಕೆಯಷ್ಟೇ ಇತ್ತು. ಯಾವ ಹಾಡು, ಯಾವ ಕಂಪನಿ, ಏನೂ ಇಲ್ಲ.

“ಕೊಲ್ಹಾಪುರದ್ದಂದ್ರ ಪಟ್ಟಿ ಇರ್ಬೇಕಲಾ. ಎಲ್ಲೈತಿ ಪಟ್ಟಿ?”

“ಕವರ್ ನೋಡ್ರಿ, ಕಂಪನೀದೇ ಐತಿ.”

“ಕವರ್ ಯಾರರೆ ಛಾಪಿಸ್ತಾರ. ಆಚೀ ಅಂಗಡ್ಯಾಂವ ಪಟ್ಟೀನೂ ಛಾಪಿಸ್ಯಾನ, ನೋಡ್ಹೋಗ್ರಿ!”

ನಿಜವೇ ಆಗಿತ್ತು. ಅವನ ನಕಲಿ ಮಾಲಿಗೆ ಪಟ್ಟಿ ಇತ್ತು, ನನ್ನ ಅಸಲಿ ಮಾಲಿಗೆ ಇರಲಿಲ್ಲ. ಎರಡನ್ನೂ ಒಂದೇ ಗೋಣಿಚೀಲಕ್ಕೆ ಸುರಿದುಕೊಂಡು ಹೋದರು.

ಸೋಮವಾರ ಕೊಲ್ಹಾಪುರಕ್ಕೆ ಹೋದೆ. ‘ಇಂಥ ಮಾಲು ನಾನೇ ಕೊಟ್ಟೆ’ ಎಂದು ಒಂದು ಸಾಲು ಬರೆದುಕೊಡಿ ಎಂದು ಠೋಕ ವ್ಯಾಪಾರಿಯನ್ನು ಕೇಳಿದೆ. ಆತ ಚಹಾ ತರಿಸಿದ, ಪೆನ್ನು ಮುಟ್ಟಲಿಲ್ಲ. ಗಡಿಯಾಚೆಗೆ ಮಾಲು ಕೊಟ್ಟದ್ದು ಗೊತ್ತಾದರೆ ಕಂಪನಿ ಅವನ ಏಜೆನ್ಸಿಯನ್ನೇ ತೆಗೆಯುತ್ತಿತ್ತು. “ತುಮ್ಹಿ ಕುಠೇ ನೇಲಂ, ಮಲಾ ಕಾಯ್ ಮಾಹಿತ್?” ಎಂದ. ನೀವು ಎಲ್ಲಿಗೆ ಒಯ್ದಿರೋ ನನಗೇನು ಗೊತ್ತು, ಅಂತ. ಇಷ್ಟು ವರ್ಷ ನನ್ನನ್ನು ‘ಚಿಕ್ಕೋಡಿಕರ್’ ಎಂದೇ ಕೂಗಿದ್ದವನು.

ನಮ್ಮ ವಕೀಲರು ವಿಷಯವನ್ನು ಬಿಡಿಸಿ ಹೇಳಿದರು. “ಹಾಡಿನ ಹಕ್ಕು ಕಂಪನೀದು. ನೀವು ಕಾಪಿ ಮಾಡಂಗಿಲ್ಲ. ಆದ್ರ ಕಂಪನೀನೇ ಮಾರಿದ ಕ್ಯಾಸೆಟ್ಟು ಕೊಂಡಾವಂದು. ಗಡಿ ದಾಟಿದ್ರ ಅದು ಕಳವಿನ ಮಾಲ ಆಗಂಗಿಲ್ಲ ಅಂತ ನಾ ವಾದ ಮಾಡ್ತೀನಿ. ಆದ್ರ ಅದು ಅಸಲಿ ಅಂತ ತೋರ್ಸೋದು ಹೆಂಗ್ರಿ?” ಕಡತ ಕಟ್ಟುತ್ತ ಮತ್ತೆ ಹೇಳಿದರು: “ನಿಮ್ಮ ಮಾಲ ಗುರುತು ಹಿಡೀಲಿಕ್ಕೆ ಠಾಣೇಕ ಕರೀತಾರ. ಗುರುತಿಲ್ಲ ಅನ್ರಿ. ಮುಗೀತು.”

ಠಾಣೆಯಲ್ಲಿ ಕ್ಯಾಸೆಟ್ಟುಗಳನ್ನು ನೆಲದ ಮೇಲೆ ಗುಡ್ಡೆ ಹಾಕಿದ್ದರು. ಆಚೆಯ ಅಂಗಡಿಯವನು ನನಗಿಂತ ಮೊದಲು ನಿಂತ. ಗುಡ್ಡೆಯನ್ನು ಒಮ್ಮೆ ನೋಡಿ, “ಇದ್ರಾಗ ನಂದೊಂದೂ ಇಲ್ರಿ ಸಾಹೇಬ್ರ” ಎಂದ. ಅವನನ್ನು ಕಳಿಸಿಬಿಟ್ಟರು.

ನನ್ನ ಸರದಿ ಬಂತು. ಬಿಳಿ ಚೀಟಿಗಳ ಮೇಲೆ ನನ್ನದೇ ಅಕ್ಷರ. ಬೋರ್ಡಿಂಗಿನಲ್ಲಿ ಕಾಪಿ ಪುಸ್ತಕ ಬರೆದು ತಿದ್ದಿದ ದುಂಡು ಅಕ್ಷರ. ಅದನ್ನು ನನ್ನದಲ್ಲ ಎನ್ನಲು ಬಾಯಿ ಬರಲಿಲ್ಲ. ಕೆಳಗೆ ಕುಳಿತು ನನ್ನವನ್ನು ಆರಿಸಿ ನಂಬರಿನ ಪ್ರಕಾರ ಸಾಲಾಗಿ ಇಟ್ಟೆ.

“ಇವೆಲ್ಲಾ ನಿಮ್ಮವಾ?”

“ನನ್ನವ.”

“ಪಟ್ಟಿ ಯಾರ್ ಕಿತ್ತಾರ?”

“ನಾನ ಕಿತ್ತೀನಿ.”

“ಯಾಕ್ರೀ ಮಾಸ್ತರ?”

“ಅಚ್ಚುಕಟ್ಟ ಕಾಣ್ಲಿ ಅಂತ.”

ಹವಾಲ್ದಾರರು ನಕ್ಕರು, ಬರೆದುಕೊಂಡರು. ಆ ಉತ್ತರ ಸುಳ್ಳಲ್ಲ. ಆದರೆ ಅಷ್ಟೇ ನಿಜ ಎಂದು ಇಂದಿಗೂ ಹೇಳಲಾರೆ. ಪಟ್ಟಿಯ ಮೇಲಿನ ಮಾತನ್ನು ನಾನು ಓದಿದ್ದೆ. ಗಿರಾಕಿ ಅದನ್ನು ಓದಿ ಒಂದು ಮಾತು ಕೇಳುವುದು ಬೇಡವೆಂದು ಆ ಬಿಸಿನೀರಿನ ಬಟ್ಟೆ ಹಿಡಿದ ಕೈಗೂ ಅನಿಸಿತ್ತೋ ಏನೋ.

ಮೊಕದ್ದಮೆ ವರ್ಷಗಟ್ಟಲೆ ನಡೆದು, ನಕಲು ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂದು ಮುಗಿಯಿತು. ವಕೀಲರು ಕೈ ಕುಲುಕಿದರು. ಆದರೆ ಆ ಮಾಲು ಅಸಲಿ ಎಂದು ತೀರ್ಪಿನ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಎರಡು ಸಲ ಹುಡುಕಿದೆ.

ಅಷ್ಟರಲ್ಲಿ ಊರು ತನ್ನ ತೀರ್ಮಾನ ಮಾಡಿಕೊಂಡಿತ್ತು, ಅದೂ ಪ್ರೀತಿಯಿಂದಲೇ. ದಿನಾ ಭಜನೆ ಕೇಳಲು ಬರುತ್ತಿದ್ದ ಹಿರಿಯರೊಬ್ಬರು ದನಿ ತಗ್ಗಿಸಿ, “ನನಗೂ ಒಂದ್ ಕಾಪಿ ಮಾಡ್ಕೊಡ್ರಿ, ಯಾರ ಮುಂದೂ ಹೇಳಂಗಿಲ್ಲ” ಎಂದರು.

ಮಾರನೆಯ ದಿನ ಬೆಳಿಗ್ಗೆ, ಧೂಳು ಒರೆಸುವ ಹೊತ್ತಿನಲ್ಲೇ, ಬೋರ್ಡನ್ನು ಇಳಿಸಿ ಒಳಗಿಟ್ಟೆ. ಆಮೇಲೂ ಒಂದೇ ಒಂದು ಕಾಪಿ ಮಾಡಲಿಲ್ಲ. ಎಂಟೂವರೆಗೆ ಭಜನೆ ಹಾಕಿದೆ.